ಮೆಲ್ ಬ್ರೂಕ್ಸ್: ನಗಿಸಿದ್ದು ಹೆಸರು ಹಾಕಿ, ಅಳಿಸಿದ್ದು ಹೆಸರು ಬಚ್ಚಿಟ್ಟು

ಮೂರನೇ ಸಾಲು

'ದಿ ಎಲಿಫೆಂಟ್ ಮ್ಯಾನ್' ನೋಡಿ ಮುಗಿಸಿದೆ. 1980ರ ಚಿತ್ರ, ಪೂರ್ತಿ ಕಪ್ಪುಬಿಳುಪು, ಡೇವಿಡ್ ಲಿಂಚ್ ನಿರ್ದೇಶನ. ಕಣ್ಣೊರೆಸಿಕೊಂಡು ಟೈಟಲ್ ಕಾರ್ಡ್ ಮತ್ತೆ ಹಾಕಿ ನೋಡಿದರೆ 'ಬ್ರೂಕ್ಸ್‌ಫಿಲ್ಮ್ಸ್' ಅಂತಿದೆ. ಯಾವ ಬ್ರೂಕ್ಸ್ ಅಂತ ಹುಡುಕಿದರೆ ಹಾಲಿವುಡ್‌ನ ಕಾಮಿಡಿ ಬರಹಗಾರ, ನಿರ್ದೇಶಕ ಮೆಲ್ ಬ್ರೂಕ್ಸ್! ಬೆಂಕಿ ಸುತ್ತ ಕೂತ ಕೌಬಾಯ್‌ಗಳಿಗೆ ಬೀನ್ಸ್ ತಿನ್ನಿಸಿ, ಒಬ್ಬೊಬ್ಬರ ಕೈಲೂ ಹೂಸು ಬಿಡಿಸಿದ ಅದೇ ಮನುಷ್ಯ. ಆದರೆ ನಿರ್ಮಾಪಕ ಅಂತ ಅವರ ಹೆಸರು ಎಲ್ಲೂ ಇಲ್ಲ. ದುಡ್ಡು ಹಾಕಿದವರು ಪೋಸ್ಟರ್‌ನಲ್ಲಿ ಮೊದಲು ತಮ್ಮ ಹೆಸರನ್ನೇ ಹಾಕಿಸೋದು ಅಲ್ವಾ? ಇವರು ಯಾಕೆ ಹೀಗೆ ಮಾಡಿದರು? ಗೊತ್ತಿದ್ದವರು ಸ್ವಲ್ಪ ವಿವರವಾಗಿ ಬರೆಯಿರಿ.

ಎಡಿಟಿಂಗ್ ಟೇಬಲ್

ಕಾರಣ ಸರಳ. ಪೋಸ್ಟರ್ ಮೇಲೆ 'ಮೆಲ್ ಬ್ರೂಕ್ಸ್ ಅರ್ಪಿಸುವ' ಅಂತ ಇದ್ದರೆ ಜನ ನಗೋಕೆ ಅಂತಲೇ ಬರುತ್ತಾರೆ. ವಿಕಾರ ರೂಪದ ಮನುಷ್ಯನೊಬ್ಬ ಪರದೆ ಮೇಲೆ ಬಂದ ಕೂಡಲೇ ಯಾರಾದರೂ ಕಿಸಕ್ ಅಂದರೆ ಸಿನಿಮಾ ಅಲ್ಲೇ ಸತ್ತುಹೋಗುತ್ತದೆ. ಅದಕ್ಕೇ ಹೆಸರು ತೆಗೆದರು.

ಈ ಚಿತ್ರ ಅವರ ಕೈಗೆ ಬಂದ ಕಥೆಯೇ ಮಜವಾಗಿದೆ. ಜೊನಾಥನ್ ಸ್ಯಾಂಗರ್ ಅಂತ ಒಬ್ಬರು 1977ರ 'ಹೈ ಆಂಗ್ಸೈಟಿ'ಯಲ್ಲಿ ಬ್ರೂಕ್ಸ್‌ಗೆ ಸಹಾಯಕ ನಿರ್ದೇಶಕರಾಗಿದ್ದರು. ಅವರ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಹುಡುಗಿಯ ಬಾಯ್‌ಫ್ರೆಂಡ್ ತನ್ನ ಗೆಳೆಯನ ಜೊತೆ ಸೇರಿ ಒಂದು ಚಿತ್ರಕಥೆ ಬರೆದಿದ್ದ. ಓದಿ ನೋಡಿ ಅಂತ ಸ್ಯಾಂಗರ್ ಕೈಗೆ ಬಂತು. ಸ್ಯಾಂಗರ್ ಅದನ್ನು ಬ್ರೂಕ್ಸ್‌ಗೆ ತಲುಪಿಸಿದರು. ನಿರ್ದೇಶಕ ಯಾರು ಅಂದಾಗ ಲಿಂಚ್ ಹೆಸರು ಬಂತು. ಆಗ ಲಿಂಚ್ ಮಾಡಿದ್ದ ಪೂರ್ಣ ಪ್ರಮಾಣದ ಚಿತ್ರ ಒಂದೇ, 'ಎರೇಸರ್‌ಹೆಡ್'. ಅದನ್ನು ನೋಡಿದವರಿಗೆ ಗೊತ್ತು, ದುಡ್ಡಿರುವ ಯಾವ ನಿರ್ಮಾಪಕನೂ ಅದನ್ನು ನೋಡಿದ ಮೇಲೆ ಆ ನಿರ್ದೇಶಕನ ಫೋನ್ ಎತ್ತಲ್ಲ. ಬ್ರೂಕ್ಸ್ ಒಳಗೆ ಕೂತು ನೋಡುತ್ತಿದ್ದರೆ ಲಿಂಚ್ ಹೊರಗೆ ಕಾಯುತ್ತಿದ್ದರು, ಕೆಲಸ ಹೋಯಿತು ಅಂದುಕೊಂಡೇ. ಬಾಗಿಲು ತೆಗೆದು ಓಡಿಬಂದ ಬ್ರೂಕ್ಸ್ ಅವರನ್ನು ತಬ್ಬಿಕೊಂಡು, ನೀನೊಬ್ಬ ಹುಚ್ಚ, ನನಗಿಷ್ಟ, ಕೆಲಸ ನಿಂದೇ ಅಂದರಂತೆ. ಇದನ್ನು ಲಿಂಚ್ ಬದುಕಿರುವ ತನಕ ಹೇಳುತ್ತಿದ್ದರು.

ಮುಂದಿನದು ಇನ್ನೂ ಮುಖ್ಯ. ಮೇಕಪ್ ತಾನೇ ಮಾಡುತ್ತೇನೆ ಅಂತ ಹೊರಟ ಲಿಂಚ್ ಕೈಸುಟ್ಟುಕೊಂಡರು. ಅವರು ಮಾಡಿದ್ದು ಬಳಸೋಕೇ ಆಗಲಿಲ್ಲ. ಹೊಸ ನಿರ್ದೇಶಕ, ಮೊದಲ ದೊಡ್ಡ ಚಿತ್ರ, ಶುರುವಿನಲ್ಲೇ ಇಷ್ಟು ದೊಡ್ಡ ಎಡವಟ್ಟು. ಬೇರೆ ಕಡೆ ಆಗಿದ್ದರೆ ಅವತ್ತೇ ಮನೆಗೆ ಕಳಿಸುತ್ತಿದ್ದರು. ಇಲ್ಲಿ ಕ್ರಿಸ್ಟೋಫರ್ ಟಕರ್ ಅನ್ನುವ ಮೇಕಪ್ ಕಲಾವಿದರನ್ನು ಕರೆಸಿದರು. 'ಎಲಿಫೆಂಟ್ ಮ್ಯಾನ್' ಅಂತ ಕರೆಸಿಕೊಂಡಿದ್ದ ನಿಜವಾದ ಮನುಷ್ಯ ಜೋಸೆಫ್ ಮೆರಿಕ್. ಲಂಡನ್ ಆಸ್ಪತ್ರೆಯಲ್ಲಿ ಉಳಿಸಿಟ್ಟಿದ್ದ ಆ ಮೆರಿಕ್‌ರ ದೇಹದ ಅಚ್ಚುಗಳನ್ನೇ ಇಟ್ಟುಕೊಂಡು ಟಕರ್ ಕೆಲಸ ಮಾಡಿದರು. ಆ ಪಾತ್ರ ಮಾಡಿದ ನಟ ಜಾನ್ ಹರ್ಟ್ ಮೇಕಪ್ ಹಾಕಿಸಿಕೊಳ್ಳೋಕೆ ಏಳೆಂಟು ಗಂಟೆ ಕೂರಬೇಕಿತ್ತು. ಚಿತ್ರಕ್ಕೆ 8 ಆಸ್ಕರ್ ನಾಮನಿರ್ದೇಶನ ಬಂತು, ಒಂದೂ ಗೆಲ್ಲಲಿಲ್ಲ. ಆ ಮೇಕಪ್ಪಿಗೆ ಪ್ರಶಸ್ತಿ ಕೊಡೋಕೆ ಆಗ ವಿಭಾಗವೇ ಇರಲಿಲ್ಲ. ಗಲಾಟೆ ಆದ ಮೇಲೆ, ಮುಂದಿನ ವರ್ಷದಿಂದ ಪ್ರತಿವರ್ಷ ಕೊಡೋ ಹಾಗೆ ಶುರುಮಾಡಿದರು.

ಪಾಪ್‌ಕಾರ್ನ್ ರಾಯ

ಗುರು, ಇದೆಲ್ಲ ಸರಿ. ಆದರೆ ಇದರಲ್ಲಿ ಬ್ರೂಕ್ಸ್ ಪಾತ್ರ ಏನು? ಬರೆದದ್ದು ಬೇರೆಯವರು, ನಿರ್ದೇಶನ ಲಿಂಚ್, ಓಡಾಡಿದ್ದು ಸ್ಯಾಂಗರ್. ಇವರು ಚೆಕ್ ಬರೆದರು, ಅಷ್ಟೇ. ನನ್ನ ಲೆಕ್ಕದಲ್ಲಿ ಬ್ರೂಕ್ಸ್ ಅಂದರೆ 1974. ಒಂದೇ ವರ್ಷದಲ್ಲಿ 'ಬ್ಲೇಜಿಂಗ್ ಸ್ಯಾಡಲ್ಸ್', 'ಯಂಗ್ ಫ್ರಾಂಕನ್‌ಸ್ಟೈನ್' ಎರಡೂ. ಫೆಬ್ರವರಿಯಲ್ಲಿ ಒಂದು, ಡಿಸೆಂಬರ್‌ನಲ್ಲಿ ಇನ್ನೊಂದು. ಅದಾದ ಮೇಲೆ ಎಲ್ಲ ಇಳಿಜಾರು. ನಿರ್ಮಾಪಕ ಗಿರ್ಮಾಪಕ ಎಲ್ಲ ಸುಮ್ನೆ.

ಲೆಕ್ಕದ ಮನುಷ್ಯ

ರಾಯರೇ, ಚೆಕ್ ಬರೆಯೋದು ಸುಮ್ನೆ ಅಂತೀರಾ? ಅವರ ಮೊದಲ ಚಿತ್ರವೇ ಚೆಕ್ ಬಗ್ಗೆ ಸ್ವಾಮಿ!

'ದಿ ಪ್ರೊಡ್ಯೂಸರ್ಸ್', ತಯಾರಾದದ್ದು 1967ರಲ್ಲಿ. ಪುಕ್ಕಲು ಅಕೌಂಟೆಂಟ್ ಒಬ್ಬ ಬ್ರಾಡ್‌ವೇ (ನ್ಯೂಯಾರ್ಕ್‌ನ ನಾಟಕರಂಗ) ನಿರ್ಮಾಪಕನ ಲೆಕ್ಕ ನೋಡುತ್ತಾ, ಗೆದ್ದ ನಾಟಕಕ್ಕಿಂತ ಸೋತ ನಾಟಕದಲ್ಲೇ ಜಾಸ್ತಿ ದುಡ್ಡು ಮಾಡಬಹುದು ಅಂತ ಬಾಯಿಜಾರಿ ಹೇಳಿಬಿಡುತ್ತಾನೆ. ಹೇಗೆ ಅಂದರೆ, ಬೇಕಾದದ್ದಕ್ಕಿಂತ ಎಷ್ಟೋ ಪಟ್ಟು ಬಂಡವಾಳ ಎತ್ತಬೇಕು. ನಾಟಕ ಮಕಾಡೆ ಮಲಗಿದರೆ ಲಾಭದ ಪಾಲು ಯಾರೂ ಕೇಳಲ್ಲ, ಮಿಕ್ಕ ದುಡ್ಡು ಜೇಬಿಗೆ. ಅವರಿಬ್ಬರೂ ಸೇರಿ ಲಾಭದ 25,000 ಶೇಕಡಾ ಮಾರುತ್ತಾರೆ. ಅಂದರೆ ಒಂದೇ ನಾಟಕವನ್ನು 250 ಸಲ ಪೂರ್ತಿಯಾಗಿ ಮಾರಿದ ಹಾಗೆ. ನಾಟಕ ಗೆದ್ದರೆ ಬಂದ ಒಂದು ರೂಪಾಯಿ ಲಾಭಕ್ಕೆ 250 ರೂಪಾಯಿ ಕೊಡಬೇಕು. ಸೋಲೋದು ಗ್ಯಾರಂಟಿ ಆಗಲಿ ಅಂತ ಹಿಟ್ಲರ್‌ನನ್ನು ಹೊಗಳುವ ಸಂಗೀತ ನಾಟಕ ಆರಿಸುತ್ತಾರೆ. ಜನ ಅದನ್ನು ಕಾಮಿಡಿ ಅಂದುಕೊಂಡು ಬಿದ್ದು ಬಿದ್ದು ನಗುತ್ತಾರೆ. ನಾಟಕ ಸೂಪರ್ ಹಿಟ್, ಇಬ್ಬರೂ ಜೈಲಿಗೆ.

ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದು, ಯುರೋಪಿನಲ್ಲಿ ನೆಲಬಾಂಬ್ ತೆಗೆಯುವ ದಳದಲ್ಲಿ ಕೆಲಸ ಮಾಡಿದ ಯಹೂದಿ ಹುಡುಗ ಇದನ್ನು ಬರೆದದ್ದು ಅನ್ನೋದು ನೆನಪಿರಲಿ. ಚಿತ್ರಕ್ಕೆ ಹಿಟ್ಲರ್ ಹೆಸರೇ ಇಟ್ಟಿದ್ದರು, ವಿತರಕರು ಬೇಡ ಅಂದದ್ದಕ್ಕೆ ಬದಲಾಯಿಸಿದರು. ಖರ್ಚು ಹತ್ತು ಲಕ್ಷ ಡಾಲರ್‌ಗೂ ಕಮ್ಮಿ. ಬಿಡುಗಡೆಯೇ ಅನುಮಾನ ಅಂತಿದ್ದಾಗ ಹಾಸ್ಯನಟ ಪೀಟರ್ ಸೆಲ್ಲರ್ಸ್ ಖಾಸಗಿಯಾಗಿ ನೋಡಿ, ಪತ್ರಿಕೆಯಲ್ಲಿ ಜಾಹೀರಾತು ಹಾಕಿಸಿ ಹೊಗಳಿದರು. 1969ರಲ್ಲಿ ಮೂಲ ಚಿತ್ರಕಥೆಗೆ ಆಸ್ಕರ್ ಬಂತು. ಅದೇ ಪಟ್ಟಿಯಲ್ಲಿ ಕ್ಯೂಬ್ರಿಕ್‌ರ '2001: ಎ ಸ್ಪೇಸ್ ಒಡಿಸ್ಸಿ' ಚಿತ್ರ ಕೂಡ ಇತ್ತು. ವೇದಿಕೆ ಮೇಲೆ ನಿಂತು, ನನ್ನ ಹೃದಯದಲ್ಲಿ ಏನಿದೆಯೋ ಅದನ್ನೇ ಹೇಳುತ್ತೇನೆ ಅಂದು 'ಬ-ಬಂಪ್, ಬ-ಬಂಪ್, ಬ-ಬಂಪ್' ಅಂದರು.

ಸಂಚಿಕೆ 412

ನಾನು ಟಿವಿಗೆ ಕಾಮಿಡಿ ಬರೆಯುವವಳು. ಹಾಗಾಗಿ ನನಗೆ ಆಸ್ಕರ್‌ಗಿಂತ ಅದಕ್ಕೆ ಮುಂಚಿನ ಹದಿನೈದಿಪ್ಪತ್ತು ವರ್ಷದ ಮೇಲೆ ಕಣ್ಣು.

1950ರಿಂದ 54ರವರೆಗೆ ಟಿವಿ ಹಾಸ್ಯನಟ ಸಿಡ್ ಸೀಸರ್ ಅವರ 'ಯುವರ್ ಶೋ ಆಫ್ ಶೋಸ್'ಗೆ ಬ್ರೂಕ್ಸ್ ಬರೆಯುತ್ತಿದ್ದರು. ಪ್ರತಿ ಶನಿವಾರ ರಾತ್ರಿ 90 ನಿಮಿಷ, ನೇರ ಪ್ರಸಾರ. ರೀಟೇಕ್ ಇಲ್ಲ, ಎಡಿಟ್ ಇಲ್ಲ. ಆ ಬರಹಗಾರರ ಕೋಣೆಯಲ್ಲಿ ಮೆಲ್ ಟೋಲ್ಕಿನ್, ಲೂಸಿಲ್ ಕ್ಯಾಲೆನ್, ನೀಲ್ ಸೈಮನ್, ನಟನಾಗಿದ್ದರೂ ಅಲ್ಲೇ ಬಂದು ಕೂರುತ್ತಿದ್ದ ಕಾರ್ಲ್ ರೈನರ್. ಎಲ್ಲರೂ ಕಿರುಚುತ್ತಿದ್ದರು. ನೀಲ್ ಸೈಮನ್‌ಗೆ ಮಾತ್ರ ದನಿ ಎತ್ತೋಕೆ ಬರುತ್ತಿರಲಿಲ್ಲ. ಅವರು ರೈನರ್ ಕಿವಿಯಲ್ಲಿ ಪಿಸುಗುಟ್ಟಬೇಕು, ರೈನರ್ ಎದ್ದು 'ನೀಲ್ ಹತ್ತಿರ ಇದೆ!' ಅಂತ ಕೂಗಬೇಕು, ಆಗ ಕೋಣೆ ಕೇಳುತ್ತಿತ್ತು. ಸೀಸರ್ ಬೇರೆ ಆಜಾನುಬಾಹು. ಶಿಕಾಗೋದ ಹೋಟೆಲ್‌ನಲ್ಲಿ, ಹೊರಗೆ ಹೋಗೋಣ ಗಾಳಿ ಬೇಕು ಅಂತ ಬ್ರೂಕ್ಸ್ ಒಂದೇ ಸಮ ಪೀಡಿಸಿದ್ದಕ್ಕೆ, ಕಾಲು ಹಿಡಿದು ಕಿಟಕಿಯಿಂದ ಆಚೆ ನೇತುಹಾಕಿ, ಇಷ್ಟು ಹೊರಗೆ ಸಾಕಾ ಅಂದರಂತೆ. ಇಂಥ ಬಾಸ್ ಕೈಕೆಳಗೆ ಕೆಲಸ ಮಾಡಿ ಬಂದವರಿಗೆ ಸ್ಟುಡಿಯೋ ಮ್ಯಾನೇಜರ್ ಏನು ಲೆಕ್ಕ ಹೇಳಿ.

ಈಗ ರಾಯರ ಪ್ರಶ್ನೆಗೆ ಬರುತ್ತೇನೆ. ಕಾಮಿಡಿ ಬರಹಗಾರನಿಗೆ ಒಂದು ವಿಷಯ ಮೈಯಲ್ಲೇ ಗೊತ್ತಿರುತ್ತದೆ. ಜೋಕ್ ಸಾಯೋದು ಬರೆಯುವಾಗ ಅಲ್ಲ, ಆಮೇಲೆ. ನಾಲ್ಕು ಜನ ಟೇಬಲ್ ಸುತ್ತ ಕೂತು, ಇದು ಜನಕ್ಕೆ ಅರ್ಥ ಆಗುತ್ತಾ, ಇದು ಯಾರಿಗಾದರೂ ಬೇಜಾರಾಗುತ್ತಾ ಅಂತ ಒಂದೊಂದೇ ಸಾಲು ಕೀಳುತ್ತಾರೆ. ನನ್ನ ಒಂದು ಕಂತಿನಲ್ಲಿ ಅಜ್ಜಿ ಪಾತ್ರದ ಮಾತುಗಳನ್ನೆಲ್ಲ ಒಂದು ಚಾನೆಲ್‌ನವರು ತೆಗೆಸಿ, ಕೊನೆಗೆ ಅಜ್ಜಿ ಯಾಕೋ ಡಲ್ ಹೊಡೀತಿದ್ದಾರೆ ಮೇಡಂ ಅಂತ ನನ್ನನ್ನೇ ಕೇಳಿದರು. ಇಂಥದ್ದನ್ನು ಅನುಭವಿಸಿದವರು ನಿರ್ಮಾಪಕರಾದರೆ ಏನು ಮಾಡುತ್ತಾರೆ ಅನ್ನೋದೇ ಬ್ರೂಕ್ಸ್ ಕಥೆ. ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. ಬೇರೆಯವರ ಸಾಲು ಕೀಳೋಕೆ ಬಿಡಲ್ಲ.

ಎಡಿಟಿಂಗ್ ಟೇಬಲ್

ಮೇಡಂ ಹೇಳಿದ್ದಕ್ಕೆ ಸಾಕ್ಷಿ 'ಎಲಿಫೆಂಟ್ ಮ್ಯಾನ್'ನಲ್ಲೇ ಇದೆ. ಚಿತ್ರ ನೋಡಿದ ಸ್ಟುಡಿಯೋದವರು ಮೊದಲಿನ ಆನೆಯ ದೃಶ್ಯ, ಕೊನೆಯ ಕನಸಿನಂಥ ಭಾಗ ಎರಡೂ ತೆಗೆದರೆ ಚೆನ್ನ ಅಂದರು. ಬ್ರೂಕ್ಸ್ ಕೊಟ್ಟ ಉತ್ತರ ಹಾಲಿವುಡ್‌ನಲ್ಲಿ ಇವತ್ತಿಗೂ ಓಡಾಡುತ್ತದೆ. ನಾವು ನಿಮ್ಮ ಜೊತೆ ವ್ಯಾಪಾರದಲ್ಲಿದ್ದೇವೆ, ವ್ಯಾಪಾರ ಎಲ್ಲಿಗೆ ಬಂತು ಅಂತ ತಿಳಿಸೋಕೆ ಚಿತ್ರ ತೋರಿಸಿದೆವು, ಕಾಡುಮನುಷ್ಯರ ಸಲಹೆ ಕೇಳೋಕೆ ಅಲ್ಲ ಅನ್ನೋದು ಅದರ ಭಾವ. ಎರಡೂ ದೃಶ್ಯ ಉಳಿದವು. ಲಿಂಚ್ ಚಿತ್ರ ಅಂತ ನಾವು ಇವತ್ತು ಗುರುತಿಸೋದೇ ಆ ಎರಡು ದೃಶ್ಯದಿಂದ. ಬರೀ ಚೆಕ್ ಬರೆಯೋರಿಗೆ ಅಷ್ಟು ಧೈರ್ಯ ಎಲ್ಲಿರುತ್ತದೆ?

ಪಾಪ್‌ಕಾರ್ನ್ ರಾಯ

ಆ ಉತ್ತರ ಮಸ್ತ್. ಆದರೂ 1974 ಬಿಟ್ಟುಕೊಡಲ್ಲ. 😀 ಬೇಕಾದರೆ ಆ ವರ್ಷದ್ದೇ ಹೇಳುತ್ತೇನೆ ಕೇಳಿ.

'ಬ್ಲೇಜಿಂಗ್ ಸ್ಯಾಡಲ್ಸ್' ಮೊದಲು ಬರೆದದ್ದು ಆಂಡ್ರ್ಯೂ ಬರ್ಗ್‌ಮನ್. ಕರಿಯ ಶೆರಿಫ್, ಬಿಳಿಯರ ಊರು, ಇದಿಷ್ಟು ಕಥೆ. ಬ್ರೂಕ್ಸ್ ತನ್ನ ಹಳೇ ಟಿವಿ ದಿನಗಳ ಹಾಗೆ ಒಂದು ಕೋಣೆಯಲ್ಲಿ ಐದು ಜನರನ್ನು ಕೂರಿಸಿದರು. ಅದರಲ್ಲಿ ಕರಿಯ ಹಾಸ್ಯಗಾರ ರಿಚರ್ಡ್ ಪ್ರಯರ್ ಒಬ್ಬರು. ದಯವಿಟ್ಟು ಮರ್ಯಾದಸ್ಥ ಚಿತ್ರಕಥೆ ಬರೆಯಬೇಡಿ ಅಂತ ಗೋಡೆ ಮೇಲೆ ಬೋರ್ಡ್. ಜನಾಂಗದ ಜೋಕೆಲ್ಲ ಪ್ರಯರ್‌ದೇ ಇರಬೇಕು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಬ್ರೂಕ್ಸ್ ಹೇಳೋ ಪ್ರಕಾರ ಪ್ರಯರ್‌ಗೆ ಪ್ರೀತಿ ಇದ್ದದ್ದು ಮೊಂಗೋ ಪಾತ್ರದ ಮೇಲೆ. ಕುದುರೆಗೆ ಗುದ್ದಿ ಬೀಳಿಸುವ ಆ ದೈತ್ಯನ ಎಷ್ಟೋ ಮಾತು ಅವರದು. ನಾಯಕನೂ ಪ್ರಯರ್ ಆಗಬೇಕಿತ್ತು, ಸ್ಟುಡಿಯೋ ಒಪ್ಪಲಿಲ್ಲ, ಕ್ಲೀವನ್ ಲಿಟಲ್ ಬಂದರು.

ಮೊದಲು ಸ್ಟುಡಿಯೋದ ದೊಡ್ಡವರಿಗೆ ತೋರಿಸಿದಾಗ ಒಂದು ನಗು ಇಲ್ಲ. ಆಮೇಲೆ ಸ್ಟುಡಿಯೋ ನೌಕರರಿಗೆ ತೋರಿಸಿದರು, ಛಾವಣಿ ಹಾರಿಹೋಯಿತು. ದೊಡ್ಡವರೊಬ್ಬರು ಹೂಸಿನ ದೃಶ್ಯ ತೆಗಿ, ಆ ಬೈಗುಳ ತೆಗಿ, ಇದು ತೆಗಿ ಅಂತ ಪಟ್ಟಿ ಹೇಳಿದರು. ಬ್ರೂಕ್ಸ್ ಪ್ರತಿಯೊಂದಕ್ಕೂ ತಲೆಯಾಡಿಸಿ ಬರೆದುಕೊಂಡರು. ಅವರು ಆಚೆ ಹೋದ ಮೇಲೆ ಕಾಗದ ಮುದ್ದೆ ಮಾಡಿ ಕಸದ ಬುಟ್ಟಿಗೆ. ಕೊನೆಯ ಕಟ್, ಅಂದರೆ ಚಿತ್ರದಲ್ಲಿ ಏನಿರಬೇಕು ಅನ್ನೋ ಕೊನೆಯ ತೀರ್ಮಾನ, ಬ್ರೂಕ್ಸ್ ಕೈಲಿ ಅಂತ ಕರಾರಿನಲ್ಲೇ ಇತ್ತು. 26 ಲಕ್ಷ ಡಾಲರ್‌ನಲ್ಲಿ ತೆಗೆದದ್ದು, ಕಾಲಕ್ರಮೇಣ 11 ಕೋಟಿಗೂ ಜಾಸ್ತಿ ತಂದಿತು.

ಸಂಚಿಕೆ 412

ರಾಯರೇ, ನೀವೇ ನನ್ನ ಪರ ವಾದ ಮಾಡಿದಿರಿ! 1974ರಲ್ಲಿ ತನ್ನ ಚಿತ್ರಕ್ಕೆ ಮಾಡಿಕೊಂಡದ್ದನ್ನೇ 1980ರಲ್ಲಿ ಇನ್ನೊಬ್ಬರ ಚಿತ್ರಕ್ಕೆ ಮಾಡಿದರು. ಬುಟ್ಟಿ ಅದೇ, ಕಾಗದ ಬೇರೆ.

'ಯಂಗ್ ಫ್ರಾಂಕನ್‌ಸ್ಟೈನ್' ವಿಷಯದಲ್ಲೂ ನೋಡಿ. ಐಡಿಯಾ ಅದರ ನಾಯಕನಟ ಜೀನ್ ವೈಲ್ಡರ್ ಅವರದು, ಇಬ್ಬರೂ ಸೇರಿ ಬರೆದರು. ಡಾಕ್ಟರ್ರೂ ರಾಕ್ಷಸನೂ ಕೋಟು, ಟೋಪಿ ಹಾಕಿಕೊಂಡು ವೇದಿಕೆ ಮೇಲೆ ಕುಣಿಯುವ ದೃಶ್ಯ ಬ್ರೂಕ್ಸ್‌ಗೆ ಹಿಡಿಸಲಿಲ್ಲ. ತೀರಾ ಬಾಲಿಶ ಅಂದರು. ವೈಲ್ಡರ್ ಬಿಡಲಿಲ್ಲ. ವಾದ ಮಾಡಿ ಮಾಡಿ ಮುಖ ಕೆಂಪಾಗಿ ಕೂಗಾಡುವ ಮಟ್ಟಕ್ಕೆ ಹೋದರು. ಬ್ರೂಕ್ಸ್ ತಟ್ಟನೆ, ಸರಿ, ಇರಲಿ ಅಂದರು. ಇದಕ್ಕೋಸ್ಕರ ನೀನು ಎಷ್ಟು ಜಗಳ ಆಡುತ್ತೀಯ ಅಂತ ನೋಡಬೇಕಿತ್ತು ಅಂದರಂತೆ. ಚಿತ್ರದಲ್ಲಿ ಅದಕ್ಕಿಂತ ಹೆಸರಾದ ದೃಶ್ಯ ಇನ್ನೊಂದಿಲ್ಲ. ನನ್ನ ಪ್ರಕಾರ ಅವರೊಳಗಿನ ನಿರ್ಮಾಪಕ ಹುಟ್ಟಿದ್ದು ಆ ಜಗಳದಲ್ಲಿ. ತನಗೆ ಇಷ್ಟವಾಗದ್ದನ್ನೂ, ಬರೆದವನಿಗೆ ಅಷ್ಟು ನಂಬಿಕೆ ಇದ್ದರೆ ಉಳಿಸಿದರು.

ಕಪ್ಪುಬಿಳುಪು

ಆ ಚಿತ್ರ ಕಪ್ಪುಬಿಳುಪಿನಲ್ಲೇ ಬರಬೇಕು ಅಂತ ಹಠ ಹಿಡಿದದ್ದೂ ಸೇರಿಸಿ. ಕೊಲಂಬಿಯಾ ಸ್ಟುಡಿಯೋ ಜೊತೆ ಮಾತು ಮುಗಿದು ಎದ್ದು ಹೊರಡುವಾಗ, ಅಂದ ಹಾಗೆ ಇದು ಕಪ್ಪುಬಿಳುಪು ಅಂದರು. ಅಲ್ಲಿಗೆ ಮಾತು ಮುರಿಯಿತು. ಟ್ವೆಂಟಿಯೆತ್ ಸೆಂಚುರಿ ಫಾಕ್ಸ್‌ನ ಅಲನ್ ಲ್ಯಾಡ್ ಜೂನಿಯರ್ ಒಪ್ಪಿಕೊಂಡರು. ಪ್ರಯೋಗಾಲಯದ ಕಿಡಿ ಹಾರಿಸುವ ಯಂತ್ರಗಳು 1931ರ ಮೂಲ 'ಫ್ರಾಂಕನ್‌ಸ್ಟೈನ್' ಚಿತ್ರದವೇ. ಅವನ್ನು ಮಾಡಿದ್ದ ಕೆನೆತ್ ಸ್ಟ್ರಿಕ್‌ಫಾಡನ್ ಹತ್ತಿರ ಇನ್ನೂ ಇದ್ದವು, ಬಾಡಿಗೆಗೆ ತಂದರು. ಶೂಟಿಂಗ್‌ನಲ್ಲಿ ಕ್ಯಾಮೆರಾ ಹಿಂದಿನವರು ನಕ್ಕು ಟೇಕ್ ಹಾಳು ಮಾಡುತ್ತಿದ್ದರು ಅಂತ ಎಲ್ಲರಿಗೂ ಬಿಳಿ ಕರ್ಚೀಫ್ ಹಂಚಿ, ನಗು ಬಂದರೆ ಬಾಯಿಗೆ ತುರುಕಿಕೊಳ್ಳಿ ಅಂದಿದ್ದರು. ಮಧ್ಯೆ ತಿರುಗಿ ನೋಡಿದರೆ ಬಾಯಿ ತುಂಬ ಬಿಳಿ ಬಟ್ಟೆ. ಜೋಕ್ ಕೆಲಸ ಮಾಡುತ್ತಿದೆ ಅಂತ ಅದರಲ್ಲೇ ಗೊತ್ತಾಗುತ್ತಿತ್ತು!

1976ರ 'ಸೈಲೆಂಟ್ ಮೂವಿ' ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ 'ಪುಷ್ಪಕ ವಿಮಾನ' ಬರೋಕೆ 11 ವರ್ಷ ಮುಂಚೆ ಮಾತಿಲ್ಲದ ಚಿತ್ರ. ಇಡೀ ಚಿತ್ರದಲ್ಲಿ ಒಂದೇ ಮಾತು, ಅದೂ ಮೂಕಾಭಿನಯದ ದೊರೆ ಮಾರ್ಸೆಲ್ ಮಾರ್ಸೊ ಬಾಯಲ್ಲಿ: 'ನೋನ್!' (ಫ್ರೆಂಚ್‌ನಲ್ಲಿ 'ಇಲ್ಲ')

ಲೆಕ್ಕದ ಮನುಷ್ಯ

ಹೆಸರು ಬಚ್ಚಿಡುವ ವಿಷಯಕ್ಕೆ ವಾಪಸ್ ಬರೋಣ. ಇದು ವ್ಯಾಪಾರದ ಬುದ್ಧಿಯೂ ಹೌದು. ಡಿಸ್ನಿ ಅಂದರೆ ಮಕ್ಕಳ ಚಿತ್ರ ಅಂತ ಜನ ಅಂದುಕೊಳ್ಳುತ್ತಾರೆ ಅಂತ ಅವರು 1984ರಲ್ಲಿ ಟಚ್‌ಸ್ಟೋನ್ ಅಂತ ಬೇರೆ ಹೆಸರು ಶುರುಮಾಡಿದರು. ಬ್ರೂಕ್ಸ್ ಅದಕ್ಕೂ ಮೊದಲೇ ಒಬ್ಬರೇ ಅದೇ ಕೆಲಸ ಮಾಡಿದ್ದರು. ಹೆಸರು ಮಾಡೋದು ಕಷ್ಟ, ಮಾಡಿದ ಹೆಸರಿಂದ ತಪ್ಪಿಸಿಕೊಳ್ಳೋದು ಅದಕ್ಕಿಂತ ಕಷ್ಟ.

ಎಲ್ಲ ಗೆದ್ದಿತು ಅಂತಲೂ ತಿಳಿಯಬೇಡಿ. 1986ರ 'ಸೋಲಾರ್‌ಬೇಬೀಸ್' ಅವರನ್ನು ಹೆಚ್ಚುಕಮ್ಮಿ ಮುಳುಗಿಸಿಬಿಟ್ಟಿತ್ತು. 50 ಲಕ್ಷ ಡಾಲರ್ ಅಂತ ಶುರುವಾದದ್ದು 2 ಕೋಟಿ ದಾಟಿತು. ಮನೆ ಅಡ ಇಡುವ ಪರಿಸ್ಥಿತಿ. ಗಲ್ಲಾಪೆಟ್ಟಿಗೆಯಲ್ಲಿ ಬಂದದ್ದು ಚಿಲ್ಲರೆ. ಸೋಲಬೇಕಾದ ನಾಟಕ ಗೆದ್ದುಬಿಡುವ ಕಥೆ ಬರೆದವರಿಗೆ, ನಿಜ ಜೀವನದಲ್ಲಿ ಗೆಲ್ಲಬೇಕಾದದ್ದು ಸೋತಿತು. ಯಾರಿಗೂ 25,000 ಶೇಕಡಾ ಮಾರಿರಲಿಲ್ಲ ಪಾಪ.

ನಡುಮನೆ

ಮದುವೆ ವಿಷಯ ಬಿಟ್ಟಿರಲ್ಲ. ಅವರ ಹೆಂಡತಿ ಆನ್ ಬ್ಯಾಂಕ್ರಾಫ್ಟ್, ಆಸ್ಕರ್ ಗೆದ್ದ ನಟಿ. 1964ರಲ್ಲಿ ಮದುವೆ, 2005ರಲ್ಲಿ ಆನ್ ತೀರಿಕೊಳ್ಳುವವರೆಗೆ ಜೊತೆಗಿದ್ದರು. ಬ್ರೂಕ್ಸ್‌ಫಿಲ್ಮ್ಸ್‌ನ ಗಂಭೀರ ಚಿತ್ರಗಳಲ್ಲಿ ಅವರ ನೆರಳು ಎಲ್ಲ ಕಡೆ ಇದೆ. 'ಎಲಿಫೆಂಟ್ ಮ್ಯಾನ್'ನಲ್ಲಿ ನಟಿಸಿದ್ದಾರೆ. 1980ರ 'ಫ್ಯಾಟ್ಸೊ' ಅವರೇ ಬರೆದು ನಿರ್ದೇಶಿಸಿದ್ದು. 1987ರ '84 ಚೇರಿಂಗ್ ಕ್ರಾಸ್ ರೋಡ್' ಅಂತೂ, ಹೆಂಡತಿಗೆ ಇಷ್ಟ ಅಂತ ಬ್ರೂಕ್ಸ್ ಹಕ್ಕು ಕೊಂಡು ಉಡುಗೊರೆ ಕೊಟ್ಟದ್ದು. ನ್ಯೂಯಾರ್ಕ್‌ನ ಹೆಂಗಸು, ಲಂಡನ್‌ನ ಹಳೇ ಪುಸ್ತಕದ ಅಂಗಡಿಯವರು, ವರ್ಷಗಟ್ಟಲೆ ಬರೀ ಕಾಗದ. ಭೇಟಿಯೇ ಇಲ್ಲ. ಎದುರಿಗೆ ಆಂಥನಿ ಹಾಪ್ಕಿನ್ಸ್. ಒಂದು ಹೊಡೆದಾಟ ಇಲ್ಲ, ಒಂದು ಹೂಸೂ ಇಲ್ಲ.

ಪಾಪ್‌ಕಾರ್ನ್ ರಾಯ

ಅದೇ 1987ರಲ್ಲಿ 'ಸ್ಪೇಸ್‌ಬಾಲ್ಸ್' ಕೂಡ ಬಂತು ಅಲ್ವಾ? 'ಸ್ಟಾರ್ ವಾರ್ಸ್'ನ ಅಣಕ ಅದು. ಮಾಡೋಕೆ 'ಸ್ಟಾರ್ ವಾರ್ಸ್'ನ ಜಾರ್ಜ್ ಲೂಕಸ್ ಒಪ್ಪಿಕೊಂಡರು, ಆದರೆ ಗೊಂಬೆ, ಆಟಿಕೆ ಮಾರಬಾರದು ಅಂತ ಷರತ್ತು. ಅದಕ್ಕೆ ಬ್ರೂಕ್ಸ್ ಚಿತ್ರದೊಳಗೇ ಟೀಶರ್ಟ್, ಟಾಯ್ಲೆಟ್ ಪೇಪರ್ ಎಲ್ಲಕ್ಕೂ ಚಿತ್ರದ ಹೆಸರು ಅಂಟಿಸಿ ಮಾರುವ ದೃಶ್ಯ ಇಟ್ಟರು. ಇದು ಬರಹಗಾರನ ತಲೆ. ಆದರೆ ಅಲ್ಲಿಂದ 'ಲೈಫ್ ಸ್ಟಿಂಕ್ಸ್', ರಾಬಿನ್ ಹುಡ್, ಡ್ರಾಕುಲಾ ಅಂತ 1995ರವರೆಗೆ ಬಂದದ್ದೆಲ್ಲ ನನಗೆ ರುಚಿಸಲ್ಲ. ಜೀನ್ ವೈಲ್ಡರ್ ಹಾಗೆ ಮುಖಕ್ಕೆ ಮುಖ ಕೊಟ್ಟು ಜಗಳ ಆಡೋರು ಇಲ್ಲದಿದ್ದರೆ ಬ್ರೂಕ್ಸ್ ಸಡಿಲ. ಈ ಮಾತು ಯಾರು ಬೇಕಾದರೂ ಒಪ್ಪಬೇಕು.

ಸಂಚಿಕೆ 412

ಒಪ್ಪಿದೆ. ಇತರರಿಗೆ ಅಡ್ಡ ನಿಂತು ಕಾಪಾಡಿದ ಹಾಗೆ ಅವರಿಗೆ ಅಡ್ಡ ಬಂದು ಬೇಡ ಅನ್ನೋರು ಕೊನೆಕೊನೆಗೆ ಯಾರೂ ಇರಲಿಲ್ಲ. ಆದರೂ ಕಥೆ ಅಲ್ಲಿಗೆ ನಿಲ್ಲಲಿಲ್ಲ. 2001ರಲ್ಲಿ ಅದೇ 'ಪ್ರೊಡ್ಯೂಸರ್ಸ್' ಬ್ರಾಡ್‌ವೇ ಸಂಗೀತ ನಾಟಕವಾಯಿತು. ಹಾಡು ಬರೆದು ಟ್ಯೂನ್ ಹಾಕಿದ್ದೂ ಅವರೇ. ಆದರೆ ಕಥೆಗೆ ಥಾಮಸ್ ಮೀಹನ್ ಜೊತೆಗಿದ್ದರು, ನಿರ್ದೇಶನ ಸೂಸನ್ ಸ್ಟ್ರೋಮನ್. ನೋಡಿ, ಮತ್ತೆ ಕೋಣೆಯಲ್ಲಿ ಜನ ಬಂದರು, ಮತ್ತೆ ಗೆದ್ದರು. ಬ್ರಾಡ್‌ವೇ ನಾಟಕಗಳಿಗೆ ಕೊಡುವ ಟೋನಿ ಪ್ರಶಸ್ತಿ 12 ಬಂತು. ಆ ದಾಖಲೆ ಇನ್ನೂ ಮುರಿದಿಲ್ಲ.

ಲೆಕ್ಕದ ಮನುಷ್ಯ

ಅದೇ ನಾಟಕಕ್ಕೆ ಒಂದು ಸೀಟಿಗೆ 480 ಡಾಲರ್ ಅಂತ ವಿಶೇಷ ಟಿಕೆಟ್ ಶುರುಮಾಡಿದ್ದೂ ಆ ವರ್ಷವೇ. ಕಾಳಸಂತೆಯವರಿಗೆ ಹೋಗುತ್ತಿದ್ದ ದುಡ್ಡು ನಾಟಕದವರಿಗೇ ಬರಲಿ ಅಂತ. ಮೋಸಗಾರ ನಿರ್ಮಾಪಕನ ನಾಟಕ ನೋಡೋಕೆ 480 ಡಾಲರ್! ಬರೆದವರು ಯಾರೋ, ನಕ್ಕವರು ಯಾರೋ.

ಮೂರನೇ ಸಾಲು

ಎಲ್ಲರಿಗೂ ಥ್ಯಾಂಕ್ಸ್. ಇಷ್ಟು ಸಿಗುತ್ತೆ ಅಂದುಕೊಂಡಿರಲಿಲ್ಲ. ಈಗ ಬರಹಗಾರ ಬ್ರೂಕ್ಸ್ ಒಂದು, ನಿರ್ಮಾಪಕ ಬ್ರೂಕ್ಸ್ ಒಂದು ನೋಡಬೇಕು ಅಂತಿದ್ದೇನೆ. ಯಾವುದು?

ಎಡಿಟಿಂಗ್ ಟೇಬಲ್

ಮೊದಲನೆಯದು 'ಯಂಗ್ ಫ್ರಾಂಕನ್‌ಸ್ಟೈನ್', ರಾಯರೂ ಬೇಡ ಅನ್ನಲ್ಲ. ಎರಡನೆಯದು 1986ರ 'ದಿ ಫ್ಲೈ', ಮನುಷ್ಯನೊಬ್ಬ ನೊಣವಾಗುವ ಕಥೆ. ಡೇವಿಡ್ ಕ್ರೋನೆನ್‌ಬರ್ಗ್ ನಿರ್ದೇಶನ. ಅದರಲ್ಲೂ ಬ್ರೂಕ್ಸ್ ಹೆಸರಿಲ್ಲ, ಕಂಪನಿ ಹೆಸರು ಮಾತ್ರ. ಆದರೆ ಪೋಸ್ಟರ್ ಮೇಲೂ ಬಂದ 'ಹೆದರು, ತುಂಬಾ ಹೆದರು' ಅನ್ನುವ ಸಾಲು ಕೊಟ್ಟದ್ದು ಬ್ರೂಕ್ಸ್. ಅಂದ ಹಾಗೆ, ಇದಕ್ಕೆ ಮೇಕಪ್ ಆಸ್ಕರ್ ಬಂತು. ಎಲಿಫೆಂಟ್ ಮ್ಯಾನ್‌ಗೆ ಸಿಗದ್ದು ನೊಣಕ್ಕೆ ಸಿಕ್ಕಿತು.

ನಡುಮನೆ

'ದಿ ಫ್ಲೈ' ರಾತ್ರಿ ಊಟ ಮಾಡುತ್ತಾ ನೋಡಬಹುದಾ? ನಮ್ಮ ಮನೆಯಲ್ಲಿ ಸಿನಿಮಾ ಹಾಕೋದೇ ಊಟಕ್ಕೆ ಕೂತಾಗ.

ಎಡಿಟಿಂಗ್ ಟೇಬಲ್

ಅದರಲ್ಲಿ ನಾಯಕ ಡೋನಟ್ ತಿನ್ನುವ ಒಂದು ದೃಶ್ಯ ಇದೆ ಮೇಡಂ. ನೊಣ ಹೇಗೆ ತಿನ್ನುತ್ತದೋ ಹಾಗೆ. ಊಟ ಮುಗಿಸಿ, ಒಂದು ಗಂಟೆ ಬಿಟ್ಟು ಹಾಕಿ.

ಪಾಪ್‌ಕಾರ್ನ್ ರಾಯ

ಎರಡು ಗಂಟೆ.